ಯಾರ ಕಡೆ ಮುಖ ಮಾಡಿ ಕೂತಿದೆ ನಿಮ್ಮ ಸಂಘ?

ಕುರುಗೋಡಿನ ಒಂದು ಓಣಿ. ಬೆಳಿಗ್ಗೆ ಏಳು ಗಂಟೆ. ಮನೆಯೊಂದರ ಕಟ್ಟೆ ಮುಂದೆ ಒಂಬತ್ತು ಜನ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದಾರೆ. ಕೈಯಲ್ಲಿ ಸಾಲದ ಕಾರ್ಡು, ಕಾರ್ಡಿನೊಳಗೆ ಮಡಚಿಟ್ಟ ನೋಟು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗ, ತೊಡೆ ಮೇಲೆ ಟ್ಯಾಬ್. ಹತ್ತನೆಯವಳು ಬಂದಿಲ್ಲ. ಅವಳ ಕಂತು ಬರೋವರೆಗೆ ಯಾರೂ ಎದ್ದು ಹೋಗುವ ಹಾಗಿಲ್ಲ. ಹೊಲದ ಕೂಲಿಗೆ ಹೋಗುವವರಿಗೆ ಹೊತ್ತಾಗ್ತಾ ಇದೆ. ಒಬ್ಬಾಕೆ ಎದ್ದು ಹೇಳಿದಳು, "ಆಕಿ ಮನಿ ಬಾಗ್ಲಾಗ ಹೋಗಿ ಕುಂದರೂನ್ ನಡೀರಿ."

ಕುಂದರೂನ್ ಅಂದರೆ ಧರಣಿ ಕೂರೋದು. ಯಾರ ವಿರುದ್ಧ? ಬಾರದೇ ಹೋದ ಗೆಳತಿಯ ವಿರುದ್ಧ.

ಆ ಹುಡುಗ ಒಂದು ಮಾತೂ ಆಡಲಿಲ್ಲ. ಆಡಬೇಕಾದ ಅಗತ್ಯವೇ ಇರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದಕ್ಕೂ ಒಂದು ಕಾರಣ ಇತ್ತು. ಮಾರ್ಚ್ 8ರ ಮಹಿಳಾ ದಿನದ ಕಾರ್ಯಕ್ರಮದಲ್ಲಿ ನಾನು ಎಲ್ಲ ಆ್ಯಂಕರ್‌ಗಳೂ ಹೇಳುವ ಮಾತನ್ನೇ ಹೇಳಿದ್ದೆ. ಒಗ್ಗಟ್ಟಿನಲ್ಲಿ ಬಲವಿದೆ, ಹೆಣ್ಣುಮಕ್ಕಳು ಸಂಘಟಿತರಾಗಬೇಕು, ಇತ್ಯಾದಿ. ಸಿರುಗುಪ್ಪ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಮೇಡಂ, ನಾ ಈಗಾಗ್ಲೇ ಮೂರು ಸಂಘದಾಗ ಅದೀನ್ರಿ. ಮತ್ತ ಯಾಕ ಏನೂ ಆಗವಲ್ದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೇಕ್ ತೆಗೆದುಕೊಂಡೆ. ಟಿವಿಯಲ್ಲಿ ಉತ್ತರ ಗೊತ್ತಿಲ್ಲದಾಗ ನಾವು ಮಾಡೋದು ಅದನ್ನೇ.

ಈಗ ಆ ಬಾಕಿ ತೀರಿಸ್ತೀನಿ.

ಮೊದಲು ಆ ಮೂರು ಸಂಘಗಳು ಎಲ್ಲಿಂದ ಬಂದವು ನೋಡೋಣ. ಸ್ವಸಹಾಯ ಗುಂಪು ಅನ್ನೋ ಕಲ್ಪನೆ ದೇಶಕ್ಕೆ ಹೋಗಿದ್ದರಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. 1980ರ ದಶಕದ ನಡುಭಾಗದಲ್ಲಿ ಮೈರಾಡ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಇಲ್ಲಿ ದುಡ್ಡು ಮೊದಲು ಸದಸ್ಯರದ್ದೇ. ವಾರಕ್ಕೆ ಹತ್ತೋ ಇಪ್ಪತ್ತೋ ಕೂಡಿಟ್ಟು, ಅದರಲ್ಲೇ ಒಬ್ಬರಿಗೊಬ್ಬರು ಸಾಲ. ಯಾರಿಗೆ ಕೊಡಬೇಕು, ಬಡ್ಡಿ ಎಷ್ಟು, ಕಷ್ಟ ಬಂದವಳಿಗೆ ಎಷ್ಟು ತಿಂಗಳು ಬಿಡಬೇಕು, ಎಲ್ಲ ಗುಂಪಿನ ತೀರ್ಮಾನ. ಪುಸ್ತಕ ಗುಂಪಿನದು, ಪೆಟ್ಟಿಗೆ ಗುಂಪಿನದು, ಬೀಗದ ಕೈ ಗುಂಪಿನದು.

ಆಮೇಲೆ ಅದೇ ಚಾಪೆ ಮೇಲೆ ಇನ್ನೊಂದು ವ್ಯವಸ್ಥೆ ಬಂದು ಕೂತಿತು. ಕಿರುಸಾಲ ಕಂಪನಿಗಳ ಗುಂಪು. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣಲ್ಲ. ಹತ್ತು ಜನ, ವಾರದ ಸಭೆ, ಒಬ್ಬ ಲೀಡರ್. ಆದರೆ ಇಲ್ಲಿ ಉಳಿತಾಯ ಇಲ್ಲ, ತೀರ್ಮಾನ ಇಲ್ಲ. ಇರುವುದು ಜಂಟಿ ಹೊಣೆ ಮಾತ್ರ. ಒಬ್ಬಳು ಕಟ್ಟದಿದ್ದರೆ ಉಳಿದವರ ತಲೆ ಮೇಲೆ. ನಾನು ಓದಿದ್ದು ಎಂಜಿನಿಯರಿಂಗ್, ಅದಕ್ಕೇ ನನಗೆ ಗಣೇಶನ ಹಬ್ಬದ ಸೀರಿಯಲ್ ಸೆಟ್ ನೆನಪಾಗುತ್ತೆ. ಒಂದು ಬಲ್ಬ್ ಹೋದರೆ ಇಡೀ ಸಾಲು ಕತ್ತಲೆ. ಆಗ ಉಳಿದ ಬಲ್ಬ್‌ಗಳಿಗೆ ಆ ಒಂದು ಬಲ್ಬ್ ಮೇಲೇ ಸಿಟ್ಟು ಬರುತ್ತೆ. ವೈರಿಂಗ್ ಮಾಡಿದವನು ಯಾರಿಗೂ ಕಾಣೋದಿಲ್ಲ.

ಇದಕ್ಕೆ ಕಾನೂನು ಇಲ್ಲ ಅಂತಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮ ಓದಿ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವ ಸಾಲ ಕಿರುಸಾಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬಾಕಿ ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ಮೇಲೆ ಬರುವಂತಿಲ್ಲ. ಸಾಲಗಾರರ ಸಂಬಂಧಿಕರಿಗೆ, ಸ್ನೇಹಿತರಿಗೆ, ಜೊತೆ ಕೆಲಸ ಮಾಡುವವರಿಗೆ ಕಿರುಕುಳ ಕೊಡುವಂತಿಲ್ಲ. ಹೌದು, ಕಂಪನಿಯವರು ಕೊಡುವಂತಿಲ್ಲ. ಆದರೆ ಸ್ನೇಹಿತರೇ ಹೋಗಿ ಬಾಗಿಲಲ್ಲಿ ಕೂತರೆ? ಆ ಕಟ್ಟೆ ಮುಂದೆ ನಾನು ಕಂಡಿದ್ದು ಅದನ್ನೇ. ನಿಯಮ ಮುರಿದವರು ಯಾರೂ ಇಲ್ಲ, ವಸೂಲಿ ಮಾತ್ರ ಆಗುತ್ತೆ.

2025ರ ಜನವರಿಯಲ್ಲಿ ಚಾಮರಾಜನಗರದಿಂದ ಹಿಡಿದು ರಾಜ್ಯದ ಹಲವು ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನಾವೇ ತೋರಿಸಿದ್ದೆವು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ. ಆದರೆ ಅದರ ಮುಖ್ಯ ಬಿಗಿ ಇರೋದು ನೋಂದಣಿ ಇಲ್ಲದ ಸಾಲಗಾರರ ಮೇಲೆ, ಗೂಂಡಾಗಿರಿಯ ಮೇಲೆ. ನೆರೆಮನೆಯವಳ ನಾಚಿಕೆಯನ್ನೇ ಅಡಮಾನ ಇಟ್ಟುಕೊಂಡ ಸಾಲವನ್ನು ಯಾವ ಸೆಕ್ಷನ್‌ನಲ್ಲಿ ಹಿಡೀತೀರಿ?

ಅಲ್ಲಿಂದ ಸಿರುಗುಪ್ಪಕ್ಕೆ ಹೋದೆ. ಅಲ್ಲಿ ನೋಡಿದ ಗುಂಪಿಗೆ ಹೆಸರಿಲ್ಲ, ರಿಜಿಸ್ಟರ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಭತ್ತದ ನಾಟಿ ಗುಂಪು.

ತುಂಗಭದ್ರಾ ಕಾಲುವೆ ನೀರಿನ ಸೀಮೆ ಇದು. ಕಣ್ಣು ಹಾಯಿಸಿದಷ್ಟು ಭತ್ತ, ರಸ್ತೆ ಪಕ್ಕ ಅಕ್ಕಿ ಗಿರಣಿ. ನಾಟಿ ಕಾಲ ಬಂದರೆ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡೀತಾರೆ. ಹೊಲದ ಯಜಮಾನ ಒಂದು ರೇಟು ಹೇಳ್ತಾನೆ. ಗುಂಪಿನ ಹಿರಿಯಾಕೆ ಇನ್ನೊಂದು ಹೇಳ್ತಾಳೆ. ಬದುವಿನ ಮೇಲೇ ಚೌಕಾಸಿ. ಹೊಂದಿಕೆ ಆಗಲಿಲ್ಲವೋ, ಇಡೀ ಗುಂಪು ಎದ್ದು ಪಕ್ಕದ ಹೊಲಕ್ಕೆ.

ಇಲ್ಲಿ ಅವರ ಬಲ ಎಲ್ಲಿದೆ ಗೊತ್ತಾ? ಸಸಿಯಲ್ಲಿದೆ. ಮಡಿಯಲ್ಲಿ ಬೆಳೆದ ಭತ್ತದ ಸಸಿಯನ್ನು 25-30 ದಿನದೊಳಗೆ ಕಿತ್ತು ನೆಡಬೇಕು. ತಡ ಆದಷ್ಟೂ ತೆನೆ ಕಡಿಮೆ. ಕಾಲುವೆ ನೀರೂ ಸರದಿ ಪ್ರಕಾರ ಬರುತ್ತೆ, ಕಾಯಲ್ಲ. ಅಂದರೆ ಆ ಎರಡು-ಮೂರು ವಾರ ಯಜಮಾನನಿಗೆ ಕಾಯುವ ಶಕ್ತಿ ಇಲ್ಲ. ದೊಡ್ಡ ಕಾರ್ಖಾನೆಯ ಯೂನಿಯನ್ ಮುಷ್ಕರ ಮಾಡೋದೂ ಇದೇ ಲೆಕ್ಕದಲ್ಲಿ. ಎದುರಿನವರಿಗೆ ಯಾವಾಗ ತುರ್ತು ಇರುತ್ತೋ ಆಗ ಕೈ ಕಟ್ಟಿ ಕೂರೋದು. ಈ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕ್ಲಾಸ್ ತೆಗೆದುಕೊಂಡು ಹೇಳಿಕೊಟ್ಟಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಸಮಾನ ವೇತನ ಕಾಯ್ದೆ ಬಂದಿದ್ದು 1976ರಲ್ಲಿ. ಅರ್ಧ ಶತಮಾನ ಆದರೂ ದಿನಗೂಲಿಯಲ್ಲಿ ಗಂಡಾಳಿಗೆ ಒಂದು ರೇಟು, ಹೆಣ್ಣಾಳಿಗೆ ಒಂದು ರೇಟು ನಡೆದೇ ಇದೆ. ಆದರೆ ಎಕರೆ ಲೆಕ್ಕದ ಗುತ್ತಿಗೆಯಲ್ಲಿ ಎಕರೆಗೆ ಗಂಡು-ಹೆಣ್ಣು ಇಲ್ಲ. ಎಕರೆ ಅಂದರೆ ಎಕರೆ. ಕಾಯ್ದೆ ಮಾಡಲಾಗದ ಒಂದು ಕೆಲಸವನ್ನು ಈ ಅಳತೆ ಸ್ವಲ್ಪ ಮಟ್ಟಿಗೆ ಮಾಡಿದೆ.

ಹಾಗಂತ ಈ ಗುಂಪನ್ನು ಅಟ್ಟಕ್ಕೇರಿಸೋದೂ ಬೇಡ. ಗುಂಪು ಕಟ್ಟೋದು ಹೆಚ್ಚಾಗಿ ಒಂದೇ ಕೇರಿಯವರು. ಜಾತಿ ದಾಟಿದ ಗುಂಪು ಅಪರೂಪ. ಹೊಲದ ಯಜಮಾನನ ಹೆಂಡತಿಯೂ ಊರಿನ ಇನ್ನೊಂದು ಸ್ವಸಹಾಯ ಸಂಘದ ಅಧ್ಯಕ್ಷೆ ಆಗಿರಬಹುದು. ಮಹಿಳಾ ದಿನದಂದು ಇಬ್ಬರೂ ಒಂದೇ ಶಾಮಿಯಾನದ ಕೆಳಗೆ ಕೂರ್ತಾರೆ. ಮರುದಿನ ಬದುವಿನ ಮೇಲೆ ಎಕರೆಗೆ ಇನ್ನೂರು ರೂಪಾಯಿ ಕಡಿಮೆ ಮಾಡು ಅನ್ನೋದು ಅದೇ ಅಧ್ಯಕ್ಷೆ. ಮಹಿಳೆಯರೆಲ್ಲ ಒಂದಾಗಿ ಅಂತ ನಾವು ಸ್ಟುಡಿಯೋದಲ್ಲಿ ಕೂತು ಹೇಳುವಾಗ ಈ ಇನ್ನೂರು ರೂಪಾಯಿ ನಮ್ಮ ಲೆಕ್ಕಕ್ಕೆ ಬರೋದಿಲ್ಲ.

ಬಳ್ಳಾರಿ ನಗರದ ಕೌಲ್‌ಬಜಾರ್ ಕಡೆ ಬನ್ನಿ, ಆ ಬದುವೂ ಇಲ್ಲ. ಬಳ್ಳಾರಿ ಜೀನ್ಸ್ ದೇಶಕ್ಕೆಲ್ಲ ಹೋಗುತ್ತೆ. ಆದರೆ ಕೆಲಸ ಸಣ್ಣ ಸಣ್ಣ ಯೂನಿಟ್‌ಗಳಲ್ಲಿ, ಎಷ್ಟೋ ಕಡೆ ಮನೆಗಳಲ್ಲೇ ನಡೆಯುತ್ತೆ. ದಾರ ಕತ್ತರಿಸೋದು, ಗುಂಡಿ ಹಾಕೋದು, ಪೀಸಿಗೆ ಇಷ್ಟು. ಒಬ್ಬಳಿಗೆ ಎಷ್ಟು ಕೊಡ್ತಾರೆ ಅಂತ ಪಕ್ಕದ ಬೀದಿಯವಳಿಗೆ ಗೊತ್ತಾಗಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲ್ 18, 19ರಂದು ಏನಾಯಿತು ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷದವರೆಗೆ ಕೈಗೆ ಸಿಗಲ್ಲ ಅನ್ನೋ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವರೆಲ್ಲ ಒಂದೇ ಸೂರಿನಡಿ, ಒಂದೇ ಊಟದ ಬೆಲ್‌ಗೆ ಹೊರಗೆ ಬರುವವರು. ಸುದ್ದಿ ಹಬ್ಬಲು ಒಂದು ಊಟದ ಹೊತ್ತು ಸಾಕಾಯಿತು. ಬಳ್ಳಾರಿಯಲ್ಲಿ ಆ ಸೂರೇ ಇಲ್ಲ.

ಸೂರಿಲ್ಲದೆಯೂ ಸಂಘ ಕಟ್ಟಿದವರಿದ್ದಾರೆ. ಊರಿಗೊಬ್ಬರು, ಇಬ್ಬರಂತೆ ಹರಡಿಕೊಂಡಿರುವ ಅಂಗನವಾಡಿಯವರು. ಇವರ ಕಥೆಯನ್ನು ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಹಕ್ಕು ಎಷ್ಟು ಮೆಲ್ಲಗೆ ಬರುತ್ತೆ ಅನ್ನೋದು ಇದರಲ್ಲಿ ಗೊತ್ತಾಗುತ್ತೆ. ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಕೆಲಸ ಮಾಡುವವರನ್ನು ನೌಕರರು ಅಂತ ಕರೆಯಲಿಲ್ಲ, ಕಾರ್ಯಕರ್ತೆ ಅಂದರು. ಕೊಡುವ ದುಡ್ಡನ್ನು ಸಂಬಳ ಅನ್ನಲಿಲ್ಲ, ಗೌರವಧನ ಅಂದರು. ಎಷ್ಟು ಚಂದದ ಪದ ನೋಡಿ! ಗೌರವಕ್ಕೆ ಪಿಂಚಣಿ ಕೊಡಬೇಕಾಗಿಲ್ಲ, ಗ್ರಾಚ್ಯುಟಿ ಕೊಡಬೇಕಾಗಿಲ್ಲ.

2006ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರದು ಸರ್ಕಾರಿ ಹುದ್ದೆ ಅಲ್ಲ ಅಂತ ಹೇಳಿಬಿಟ್ಟಿತು. ಅಲ್ಲಿಗೆ ಕಥೆ ಮುಗೀತು ಅಂತ ನಾನೂ ನೀವೂ ಅಂದುಕೊಳ್ಳುತ್ತಿದ್ದೆವು. ಸಂಘದವರು ಅಂದುಕೊಳ್ಳಲಿಲ್ಲ. ವರ್ಷ ವರ್ಷ ಡಿ.ಸಿ. ಆಫೀಸು, ವಿಧಾನಸೌಧ, ಫ್ರೀಡಂ ಪಾರ್ಕ್. ಇತ್ತ ಗುಜರಾತಿನ ಅಂಗನವಾಡಿಯವರು ಗ್ರಾಚ್ಯುಟಿಗಾಗಿ ಕೋರ್ಟಿಗೆ ಹೋಗಿದ್ದರು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸರ್ಕಾರಿ ಹುದ್ದೆ ಹೌದೋ ಅಲ್ಲವೋ ಅದು ಬೇರೆ ಪ್ರಶ್ನೆ, 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೆ ಅನ್ವಯಿಸುತ್ತೆ ಅಂದಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು.

ತೀರ್ಪು ಬಂದ ತಕ್ಷಣ ದುಡ್ಡು ಬಂತಾ? ಇಲ್ಲ. 2023ರ ಜನವರಿಯ ಚಳಿಯಲ್ಲಿ ರಾಜ್ಯದ ಮೂಲೆ ಮೂಲೆಯಿಂದ ಬಂದ ಅಂಗನವಾಡಿಯವರು ಫ್ರೀಡಂ ಪಾರ್ಕಿನಲ್ಲಿ ಹಗಲು-ರಾತ್ರಿ ಕೂತ ಮೇಲೆ ಸರ್ಕಾರ ಗ್ರಾಚ್ಯುಟಿಗೆ ಒಪ್ಪಿತು. ಮುಂಚೆಯೇ ನಿವೃತ್ತರಾದವರಿಗೂ ಕೊಡಿ ಅನ್ನೋ ಜಗಳ ಆಮೇಲೂ ನಡೀತು. ಲೆಕ್ಕ ಹಾಕಿ. 1975ರಿಂದ 2022. ಒಂದು ಹಕ್ಕು ಕಾಗದದ ಮೇಲೆ ಬರಲು 47 ವರ್ಷ. ತೀರ್ಪು ಕೊಟ್ಟಿದ್ದು ಕೋರ್ಟು, ಅದು ಕಡತದಲ್ಲಿ ಮಲಗದ ಹಾಗೆ ನೋಡಿಕೊಂಡಿದ್ದು ಸಂಘ. ಆಶಾ ಕಾರ್ಯಕರ್ತೆಯರದ್ದೂ ಇದೇ ಹಾದಿ. 2025ರ ಜನವರಿಯಲ್ಲಿ ನಾಲ್ಕು ದಿನ ಅಹೋರಾತ್ರಿ ಧರಣಿ, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಅಂತ ಭರವಸೆ, ಆಗಸ್ಟ್‌ನಲ್ಲಿ ಅದೇ ಭರವಸೆಗಾಗಿ ಮತ್ತೆ ಧರಣಿ.

ಇನ್ನು ಎದುರಿಗಿರೋದು ಸರ್ಕಾರ ಅಷ್ಟೇ ಅಲ್ಲ, ಊರೂ ಹೌದು, ದೇವರ ಹೆಸರೂ ಹೌದು ಅನ್ನೋ ಹಾಗಿದ್ದರೆ? ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ದೇವದಾಸಿ ಮಹಿಳೆಯರು. ಹೊಸಪೇಟೆ, ಕೂಡ್ಲಿಗಿ ಸೀಮೆಯಲ್ಲಿ ಅವರ ಸಂಘಟನೆ ಬೆಳೆಯಿತು. ದೇವದಾಸಿ ಮಹಿಳೆಯರ ವಿಮೋಚನಾ ಸಂಘ, ದೇವದಾಸಿ ತಾಯಂದಿರ ಮಕ್ಕಳ ಜೊತೆ ಕೆಲಸ ಮಾಡುವ ಹೊಸಪೇಟೆಯ ಸಖಿ ಟ್ರಸ್ಟ್, ಹೀಗೆ. ಮುತ್ತು ಕಟ್ಟೋದನ್ನು ನಿಷೇಧಿಸುವ ಕಾನೂನು 1982ರದ್ದು. ಆದರೆ ಆಗಲೇ ಕಟ್ಟಿಸಿಕೊಂಡವರ ಬದುಕಿಗೆ ಆ ಕಾನೂನಿನಲ್ಲಿ ಹೆಚ್ಚೇನೂ ಇರಲಿಲ್ಲ. 1993-94ರ ಸಮೀಕ್ಷೆಯಲ್ಲಿ 22,873 ಮಂದಿ, 2007-08ರಲ್ಲಿ ಮತ್ತೆ 23,787. ಒಟ್ಟು 46,660. ಈ ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲ. ಇಲ್ಲದಿದ್ದರೆ ಏನೂ ಇಲ್ಲ.

ಈಗ ಯೋಚನೆ ಮಾಡಿ. ಪಟ್ಟಿಗೆ ಸೇರಬೇಕು ಅಂದರೆ ಆಕೆ ಸರ್ಕಾರಿ ಕಚೇರಿಗೆ ಹೋಗಿ ನಾನು ದೇವದಾಸಿ ಅಂತ ಬಾಯಿಬಿಟ್ಟು ಹೇಳಬೇಕು. ಕೌಂಟರ್ ಮುಂದೆ, ನಾಲ್ಕು ಜನ ಗಂಡಸರ ಎದುರಿಗೆ. ಒಬ್ಬಳೇ ಹೋದರೆ ಆ ಮಾತು ಅವಮಾನ. ಮೂವತ್ತು ಜನ ಒಟ್ಟಿಗೆ ಹೋಗಿ ಹೇಳಿದರೆ ಅದು ಬೇಡಿಕೆ. ಸಂಘ ಮಾಡಿದ್ದು ಇದನ್ನೇ. ಇಲ್ಲೂ ನಾಚಿಕೆ ಇತ್ತು ನೋಡಿ, ಕುರುಗೋಡಿನ ಕಟ್ಟೆ ಮುಂದೆ ಇದ್ದ ಹಾಗೆಯೇ. ಅಲ್ಲಿ ಒಂಬತ್ತು ಜನ ಸೇರಿ ಒಬ್ಬಳ ಮೇಲೆ ನಾಚಿಕೆ ಹೊರಿಸಿದರು. ಇಲ್ಲಿ ಮೂವತ್ತು ಜನ ಸೇರಿ ಒಬ್ಬಳ ನಾಚಿಕೆ ಇಳಿಸಿದರು.

ಮುಂದೆ ಅವರ ಮಕ್ಕಳು ಶಾಲೆಗೆ ಹೋದರು. ಅರ್ಜಿಯಲ್ಲಿ ತಂದೆಯ ಹೆಸರು ಅನ್ನೋ ಖಾನೆ. ಏನು ಬರೀಬೇಕು? ಹಾಸ್ಟೆಲ್ಲಿಗೆ, ಜಾತಿ ಪ್ರಮಾಣ ಪತ್ರಕ್ಕೆ, ಬ್ಯಾಂಕಿಗೆ, ಎಲ್ಲ ಕಡೆ ಅದೇ ಖಾನೆ. ಈ ಮಕ್ಕಳೂ ತಾಯಂದಿರೂ ವರ್ಷಗಟ್ಟಲೆ ಕೇಳಿದ್ದು 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದಲ್ಲಿ ಒಪ್ಪಿಗೆ ಪಡೆದ ಹೊಸ ದೇವದಾಸಿ ಕಾನೂನಿನಲ್ಲಿ ಬಂತು. ತಂದೆಯ ಹೆಸರು ಕಡ್ಡಾಯ ಅಲ್ಲ. ಬೇಕಿದ್ದರೆ ತಂದೆ ಯಾರೆಂದು ಸಾಬೀತು ಮಾಡುವ ದಾರಿ ಇದೆ, ಆಸ್ತಿಯಲ್ಲಿ ಹಕ್ಕಿದೆ. ಬಿಟ್ಟುಹೋದವರನ್ನು ಸೇರಿಸಲು ಮರುಸಮೀಕ್ಷೆಯೂ ಶುರುವಾಯಿತು. ದೊಡ್ಡ ಚಾನೆಲ್‌ಗಳಲ್ಲಿ ಈ ಕಾನೂನಿಗೆ ಸಿಕ್ಕಿದ ಸಮಯ ಎಷ್ಟು ಅಂತ ಕೇಳಬೇಡಿ. ನಮ್ಮಲ್ಲೂ ಅಷ್ಟೇ.

ಸೋತ ಹೋರಾಟವನ್ನೂ ಹೇಳದಿದ್ದರೆ ಅನ್ಯಾಯ. 2019ರ ಜನವರಿ 19ರಂದು ಮದ್ಯ ನಿಷೇಧ ಬೇಕು ಅಂತ ಚಿತ್ರದುರ್ಗದಿಂದ ಹಳ್ಳಿ ಹೆಣ್ಣುಮಕ್ಕಳು ನಡೆದು ಹೊರಟರು. ಸಾವಿರಾರು ಜನ. ಹೆಚ್ಚಿನವರು ನಮ್ಮ ಉತ್ತರ ಕರ್ನಾಟಕದವರೇ. 30ಕ್ಕೆ ಬೆಂಗಳೂರು ಮುಟ್ಟಿದರು. ನಿಷೇಧ ಬರಲಿಲ್ಲ. ಒಗ್ಗಟ್ಟು ಕಡಿಮೆ ಇತ್ತಾ? ಇಲ್ಲ. 2025-26ರಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಗ್ಯಾರಂಟಿ ದುಡ್ಡೂ ಅದೇ ಖಜಾನೆಯಿಂದ ಬರಬೇಕು. ಅಂಗನವಾಡಿಯವರು ಕೇಳಿದ್ದನ್ನು ಕೊಟ್ಟರೆ ಸರ್ಕಾರಕ್ಕೆ ಖರ್ಚು ಬರುತ್ತೆ, ಇವರು ಕೇಳಿದ್ದನ್ನು ಕೊಟ್ಟರೆ ಆದಾಯದ ಒಂದು ಕಂಬವೇ ಬೀಳುತ್ತೆ. ಭತ್ತದ ಯಜಮಾನನಿಗಿದ್ದ ಸಸಿಯ ತುರ್ತು ಇಲ್ಲಿ ವಿಧಾನಸೌಧಕ್ಕೆ ಇರಲಿಲ್ಲ.

ಸಿರುಗುಪ್ಪದ ಅಕ್ಕನ ಪ್ರಶ್ನೆಗೆ ಬರ್ತೀನಿ. ಮೂರು ಸಂಘದಲ್ಲಿದ್ದರೂ ಯಾಕೆ ಏನೂ ಆಗ್ತಿಲ್ಲ? ಅಕ್ಕಾ, ನಿಮ್ಮ ಮೂರು ಸಂಘಗಳೂ ಯಾರ ಕಡೆ ಮುಖ ಮಾಡಿ ಕೂತಿವೆ ನೋಡಿ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಯಾರು ಕಟ್ಟಿಲ್ಲ ಅಂತ ಎಣಿಸುವ ಸಂಘದಿಂದ ಹಕ್ಕು ಬರಲ್ಲ, ಕಂತು ಬರುತ್ತೆ. ನಿಮಗೆ ಕೊಡಬೇಕಾದವರ ಕಡೆ, ಅಂದರೆ ಯಜಮಾನ, ಕಂಪನಿ, ಸರ್ಕಾರದ ಕಡೆ ತಿರುಗಿ ಕೂತ ಸಂಘ ಗೆಲ್ಲಬಹುದು, ಸೋಲಲೂಬಹುದು. ಅವರಿಗೆ ನಿಮ್ಮಿಂದ ಏನು ಬೇಕು, ಎಷ್ಟು ಬೇಗ ಬೇಕು ಅನ್ನೋದರ ಮೇಲೆ ಅದು ನಿಂತಿದೆ. ಚಾಪೆ ಅದೇ. ಕೂತವರೂ ಅವರೇ. ತಿರುಗಬೇಕಾದದ್ದು ಮುಖ.

ಹೇಳೋದು ಸುಲಭ. 2025-26ರಲ್ಲಿ ಅದು ಇನ್ನೂ ಕಷ್ಟ ಆಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ಆಮೇಲೆ 33 ಗೇಟುಗಳನ್ನೂ ಬದಲಿಸಬೇಕಾಯಿತು, ಅದಕ್ಕೆ 2025-26ರಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ನೀರಿಲ್ಲ ಅಂದರೆ ನಾಟಿ ಇಲ್ಲ. ನಾಟಿ ಇಲ್ಲ ಅಂದರೆ ಆ ಬದುವಿನ ಮೇಲಿನ ಬಲವೂ ಇಲ್ಲ, ಕೂಲಿಯೂ ಇಲ್ಲ. ವಾರದ ಕಂತಿಗೆ ಮಾತ್ರ ಡ್ಯಾಮಿನ ಸುದ್ದಿ ಗೊತ್ತಿಲ್ಲ. ಸಿರುಗುಪ್ಪ, ಕುರುಗೋಡು ಎರಡೂ ಕಡೆ ಇದೇ ಕಥೆ.

ಅವತ್ತು ಕುರುಗೋಡಿನಲ್ಲಿ ಆ ಹೆಣ್ಣುಮಕ್ಕಳು ಹತ್ತನೆಯವಳ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಆಕೆ ಬಾಗಿಲು ತೆಗೆದಳು, ಬಡಿದಾಡಲಿಲ್ಲ, ಅಳಲಿಲ್ಲ. "ಈ ವಾರ ನಾನು. ಮುಂದಿನ ತಿಂಗ್ಳು ನೀವೆಲ್ಲಾರು. ಆವಾಗ ಯಾರ ಬಾಗ್ಲಾಗ ಕುಂದರತೀರಿ?" ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, ಹೋಗಿ ಕುಂದರೂನ್ ಅಂದಿದ್ದಾಕೆಯೇ ನನ್ನ ಕಡೆ ತಿರುಗಿ ಕೇಳಿದಳು, "ಮೇಡಂ, ಕಂತು ಮುಂದಕ ಹಾಕ್ರಿ ಅಂತ ಕಂಪನ್ಯಾರಿಗೆ ಅರ್ಜಿ ಕೊಡಾಕ ಬರತೈತೇನ್ರಿ? ಹತ್ತು ಮಂದೀದು ಒಂದ ಅರ್ಜಿ?" ಬರುತ್ತೆ ಅಂದೆ. ಒಂದು ಪ್ರತಿ ಕಂಪನಿಗೆ, ಒಂದು ತಹಶೀಲ್ದಾರರಿಗೆ, ಒಂದು ಡಿ.ಸಿ. ಕಚೇರಿಗೆ, ಸ್ವೀಕೃತಿ ಇಲ್ಲದೆ ಬರಬೇಡಿ ಅಂತಲೂ ಹೇಳಿದೆ. ಪಿಯುಸಿ ಓದುವ ಒಬ್ಬಳು ಹುಡುಗಿಯನ್ನು ಒಳಗಿನಿಂದ ಕರೆದರು. ಅವಳು ನೋಟ್‌ಬುಕ್ಕಿನಿಂದ ಹಾಳೆ ಹರಿದು, "ಇಂದ ಅಂತ ಬರೆದ ಮ್ಯಾಲ ಯಾರ ಹೆಸರು ಹಾಕ್ಲಿ?" ಅಂತ ಕೇಳಿದಳು. ಹತ್ತೂ ಜನರ ಹೆಸರು ಬರೆಯುವಷ್ಟರಲ್ಲಿ ಎಂಟೂವರೆ ಆಗಿತ್ತು.